ಕ್ಯಾಲಬಾರಿನ ದಿವ್ಯದ ಬಳ್ಳಿ

ನಮ್ಮ ಕೂಟದಲ್ಲಿ ವೈದ್ಯರಿಗೆ ಕೊರತೆಯಿಲ್ಲ. ಔಷಧ ತಯಾರಿಕೆಯಲ್ಲಿ ದುಡಿಯುವ ರಸಾಯನಶಾಸ್ತ್ರಜ್ಞರೂ ಸಾಕಷ್ಟು ಮಂದಿ ಇದ್ದಾರೆ. ಅವರೆಲ್ಲರೂ 'ಫೈಸೊಸ್ಟಿಗ್ಮೀನ್' ಎಂಬ ಹೆಸರನ್ನು ಪಠ್ಯಪುಸ್ತಕದಲ್ಲಿ ಓದಿ, ಉರು ಹೊಡೆದು, ಪರೀಕ್ಷೆಯಲ್ಲಿ ಬರೆದು ಪಾಸಾದವರೇ. ಆದರೆ ಆ ಮದ್ದು ಯಾವ ಬಳ್ಳಿಯಿಂದ ಬಂತು, ಆ ಬಳ್ಳಿ ಯಾವ ನೆಲದ್ದು, ಅದರ ಗುಣವನ್ನು ಮೊದಲು ಬಲ್ಲವರು ಯಾರು ಎಂದು ಕೇಳಿದರೆ ಉತ್ತರ ಅಷ್ಟು ಸುಲಭವಾಗಿ ಹೊರಡುವುದಿಲ್ಲ. ಆ ಕಥೆಯನ್ನು ಈ ಸಂಚಿಕೆಯಲ್ಲಿ ಓದುಗರ ಮುಂದಿಡಲು ಬಯಸುತ್ತೇವೆ. ಕಥೆ ಆಫ್ರಿಕದಲ್ಲಿ ಮೊದಲಾಗಿ, ಸ್ಕಾಟ್ಲೆಂಡನ್ನು ಹಾದು, ನಾವು ನೆಲೆಸಿರುವ ಈ ಅಮೆರಿಕಕ್ಕೂ ಬರುತ್ತದೆ.

ನೈಜೀರಿಯ ದೇಶದ ಆಗ್ನೇಯ ಮೂಲೆಯಲ್ಲಿ, ಕ್ರಾಸ್ ನದಿಯೂ ಕ್ಯಾಲಬಾರ್ ನದಿಯೂ ಕಡಲು ಸೇರುವ ಸೀಮೆಯಲ್ಲಿ ಎಫಿಕ್ ಎಂಬ ಜನ ವಾಸಿಸುತ್ತಾರೆ. ಹತ್ತೊಂಬತ್ತನೆಯ ಶತಮಾನದಲ್ಲಿ ಯುರೋಪಿನವರು ಈ ನಾಡನ್ನು ಹಳೆಯ ಕ್ಯಾಲಬಾರ್ ಎಂದು ಕರೆಯುತ್ತಿದ್ದರು. ಎಫಿಕ್ ಜನ ವ್ಯಾಪಾರದಲ್ಲಿ ಗಟ್ಟಿಗರು. ಮೊದಲು ಗುಲಾಮರ ವ್ಯಾಪಾರ, 1807ರಲ್ಲಿ ಬ್ರಿಟನ್ ಅದನ್ನು ನಿಷೇಧಿಸಿದ ಮೇಲೆ ಕ್ರಮೇಣ ತಾಳೆಯೆಣ್ಣೆಯ ವ್ಯಾಪಾರ.

ಈ ಸೀಮೆಯ ಹೊಳೆಯಂಚಿನ ಕಾಡುಗಳಲ್ಲಿ ನಮ್ಮ ಬಳ್ಳಿ ಬೆಳೆಯುತ್ತದೆ. ಅದು ಅವರೆ, ಅಲಸಂದೆ, ನಸುಗುನ್ನಿಗಳ ಕುಟುಂಬಕ್ಕೆ ಸೇರಿದ್ದು. ಆದರೆ ಚಪ್ಪರದ ಬಳ್ಳಿಯಲ್ಲ. ಮರಗಳನ್ನು ಹಿಡಿದು ನಲವತ್ತು ಐವತ್ತು ಅಡಿಯವರೆಗೂ ಏರುವ ದಪ್ಪ ಕಾಂಡದ ಬಳ್ಳಿ. ಎಲೆಗಳು ಅವರೆಯಂತೆಯೇ ಮೂರು ಮೂರು. ನೇರಳೆ ಬೆರೆತ ನಸುಗೆಂಪು ಹೂಗಳು ಗೊಂಚಲು ಗೊಂಚಲಾಗಿ ಕೆಳಕ್ಕೆ ಜೋತು ಬೀಳುತ್ತವೆ. ಗೇಣಿಗಿಂತ ತುಸು ಗಿಡ್ಡವಾದ ಕಾಯಿ. ಅದರೊಳಗೆ ಎರಡೋ ಮೂರೋ ಬೀಜ. ಬೀಜ ಒಂದಂಗುಲ ಉದ್ದ, ಕಡುಗಂದು ಬಣ್ಣ, ಬಾಗಿದ ಅಂಚಿನುದ್ದಕ್ಕೂ ಒಂದು ಕಪ್ಪು ಗೀರು. ವಾಸನೆಯೂ ಇಲ್ಲ, ನಾಲಗೆಗೆ ಹತ್ತುವಂಥ ರುಚಿಯೂ ಇಲ್ಲ. ಕಂಡವರು ಸಾಮಾನ್ಯ ಕಾಳೆಂದೇ ತಿಳಿಯಬೇಕು. ಎಫಿಕ್ ಭಾಷೆಯಲ್ಲಿ ಇದರ ಹೆಸರು 'ಎಸೆರೆ'.

ಎಫಿಕ್ ಜನರಿಗೆ ಎಸೆರೆ ಒಂದು ನ್ಯಾಯಾಲಯವಾಗಿತ್ತು. ಯಾರ ಮೇಲಾದರೂ ಮಾಟ ಮಾಡಿದ ಆರೋಪ ಬಂದರೆ, ಅದರಲ್ಲೂ ಊರಿನ ದೊಡ್ಡವನೊಬ್ಬ ಅಕಾಲದಲ್ಲಿ ಸತ್ತರೆ, ಆಪಾದಿತರು ಈ ಬೀಜವನ್ನು ತಿನ್ನಬೇಕು, ಇಲ್ಲವೇ ಅರೆದು ನೀರಿನಲ್ಲಿ ಕದಡಿದ್ದನ್ನು ಕುಡಿಯಬೇಕು. ವಾಂತಿಯಾಗಿ ಬದುಕಿದವನು ನಿರಪರಾಧಿ. ಸತ್ತವನು ಅಪರಾಧಿ, ತೀರ್ಪೂ ಶಿಕ್ಷೆಯೂ ಒಂದೇ ಸಲ ಮುಗಿದವು. ಇಬ್ಬರಿಗೆ ಜಗಳವಾದಾಗ ಒಂದೇ ಬೀಜವನ್ನು ಎರಡು ಹೋಳು ಮಾಡಿ ಇಬ್ಬರೂ ತಿನ್ನುವ ಪದ್ಧತಿಯೂ ಇತ್ತು. ಇಂಥ ನ್ಯಾಯದಲ್ಲಿ ಸತ್ತವರಲ್ಲಿ ಎಷ್ಟು ಮಂದಿ ನಿರಪರಾಧಿಗಳೋ, ಆ ಲೆಕ್ಕವನ್ನು ಯಾರೂ ಇಟ್ಟಿಲ್ಲ.

ಈ ಬಳ್ಳಿಯನ್ನು ಯಾರು ಬೇಕಾದರೂ ಬೆಳೆಸುವಂತಿರಲಿಲ್ಲ. ಅರಸನ ಅಪ್ಪಣೆಯಂತೆ ಕಂಡಕಂಡಲ್ಲಿ ಅದನ್ನು ಕಿತ್ತು, ನ್ಯಾಯದ ಕೆಲಸಕ್ಕೆ ಬೇಕಾದಷ್ಟನ್ನು ಮಾತ್ರ ಉಳಿಸಿಕೊಳ್ಳುತ್ತಿದ್ದರೆಂದು ಆ ಕಾಲದ ಬರಹಗಳು ಹೇಳುತ್ತವೆ. ವಿಷ ಯಾರದೋ ಮನೆಯ ಹಿತ್ತಲಲ್ಲಿ ಹಬ್ಬಬಾರದು, ಆಳುವವರ ಕೈಯಲ್ಲಿರಬೇಕು ಎಂಬ ಎಚ್ಚರ ಅವರಲ್ಲಿತ್ತು.

'ಎಂಥ ಕಾಡು ಪದ್ಧತಿ!' ಎಂದು ಓದುಗರು ಉದ್ಗರಿಸುವ ಮುನ್ನ ನಮ್ಮ ಮನೆಯ ಕಡೆಗೂ ಒಮ್ಮೆ ನೋಡೋಣ. ಯಾಜ್ಞವಲ್ಕ್ಯ ಸ್ಮೃತಿ ಐದು ದಿವ್ಯಗಳನ್ನು ಹೇಳುತ್ತದೆ: ತುಲಾ, ಅಗ್ನಿ, ಜಲ, ವಿಷ, ಕೋಶ. ಅದಕ್ಕೆ ಮಿತಾಕ್ಷರಾ ಎಂಬ ಪ್ರಸಿದ್ಧ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರನು ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿ, ಎಂದರೆ ನಮ್ಮ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ, ಇದ್ದವನು. ವಿಷದಿವ್ಯದ ವಿಧಿಯನ್ನು ಅವನೂ ವಿವರಿಸಿದ್ದಾನೆ. ಒಂದೇ ವ್ಯತ್ಯಾಸ: ಎಫಿಕ್ ಜನರಲ್ಲಿ ವಿಷವನ್ನು ಕಕ್ಕಿದವನು ಶುದ್ಧ, ನಮ್ಮಲ್ಲಿ ವಿಕಾರವಿಲ್ಲದೆ ಅರಗಿಸಿಕೊಂಡವನು ಶುದ್ಧ. ಕಾದ ಗುಳವನ್ನು ಹಿಡಿಯುವ ಫಾಲದಿವ್ಯದ ಮಾತು ಕರ್ನಾಟಕದ ಶಾಸನಗಳಲ್ಲಿಯೂ ಬರುತ್ತದೆ. ಆದ್ದರಿಂದ ಮೂಗು ಮುರಿಯುವ ಅಧಿಕಾರ ನಮಗಿಲ್ಲ.

ಹೊರಗಿನ ಲೋಕಕ್ಕೆ ಎಸೆರೆಯ ಸುದ್ದಿ ಮುಟ್ಟಿಸಿದವರಲ್ಲಿ ಬ್ರಿಟಿಷ್ ವೈದ್ಯ ವಿಲಿಯಂ ಡೇನಿಯಲ್ ಮೊದಲಿಗ; ಅವನು 1846ರಲ್ಲಿ ಲಂಡನ್ನಿನ ಸಭೆಯೊಂದರಲ್ಲಿ ಇದನ್ನು ಕುರಿತು ಪ್ರಬಂಧ ಓದಿದನು. ಅದೇ ವರ್ಷ ಸ್ಕಾಟ್ಲೆಂಡಿನ ಮಿಷನರಿಗಳು ಕ್ಯಾಲಬಾರಿನಲ್ಲಿ ನೆಲೆಯೂರಿದರು. ಅವರ ಕೈಯಿಂದ ಬೀಜಗಳು ಎಡಿನ್‌ಬರೊ ನಗರಕ್ಕೆ ಬಂದವು. ಅಲ್ಲಿ ಬಿತ್ತಿದ ಬೀಜ ಮೊಳೆತು ಬಳ್ಳಿಯಾಯಿತು, ಆದರೆ ಹೂವಿಲ್ಲದೆ ಗಿಡದ ಕುಲ ಗೊತ್ತಾಗುವಂತಿರಲಿಲ್ಲ. ಕೊನೆಗೆ ಥಾಮ್ಸನ್ ಎಂಬ ಮಿಷನರಿ ಆಫ್ರಿಕದಿಂದಲೇ ಹೂವುಳ್ಳ ಮಾದರಿಯನ್ನು ಕಳುಹಿಸಿದ ಮೇಲೆ, ಪ್ರೊಫೆಸರ್ ಬಾಲ್ಫರ್ 1861ರಲ್ಲಿ ಅದನ್ನು ವರ್ಣಿಸಿ 'ಫೈಸೊಸ್ಟಿಗ್ಮ ವೆನೆನೋಸಂ' ಎಂದು ನಾಮಕರಣ ಮಾಡಿದನು. ಹೂವಿನ ಶಲಾಕಾಗ್ರದ ಮೇಲೆ ಚೀಲದಂಥ ಒಂದು ಕೊಂಡಿಯಿರುವುದರಿಂದ ಮೊದಲ ಪದ, ವಿಷವಿರುವುದರಿಂದ ಎರಡನೆಯದು.

ಹೂವು ಬರುವವರೆಗೆ ಕಾಯುವ ತಾಳ್ಮೆ ಎಲ್ಲರಿಗೂ ಇರಲಿಲ್ಲ. ಎಡಿನ್‌ಬರೊ ವಿಶ್ವವಿದ್ಯಾಲಯದ ಪ್ರೊಫೆಸರ್ ರಾಬರ್ಟ್ ಕ್ರಿಸ್ಟಿಸನ್ ವಿಷಶಾಸ್ತ್ರದಲ್ಲಿ ದೊಡ್ಡ ಹೆಸರು. 1855ರಲ್ಲಿ ಆತ ಒಂದು ರಾತ್ರಿ ಬೀಜದ ಎಂಟನೆಯ ಒಂದು ಪಾಲನ್ನು ತಿಂದು ಮಲಗಿದನು. ಹೆಚ್ಚೇನೂ ಆಗಲಿಲ್ಲವೆಂದು ಮರುದಿನ ಬೆಳಿಗ್ಗೆ ಅದರ ಎರಡರಷ್ಟನ್ನು ತಿಂದನು. ಸ್ವಲ್ಪ ಹೊತ್ತಿನಲ್ಲಿಯೇ ತಲೆ ತಿರುಗಿ ಮೈ ಸೋತುಹೋಯಿತು. ಕೈಗೆ ಸಿಕ್ಕಿದ್ದು ಆಗತಾನೇ ಕ್ಷೌರಕ್ಕೆ ಬಳಸಿದ ಸಾಬೂನಿನ ನೀರು. ಅದನ್ನೇ ಕುಡಿದು ವಾಂತಿ ಮಾಡಿಕೊಂಡು ಬದುಕಿದನು. ಎಫಿಕ್ ನ್ಯಾಯದ ಪ್ರಕಾರ ಪ್ರೊಫೆಸರರು ನಿರಪರಾಧಿಗಳೆಂದು ಸಾಬೀತಾಯಿತು!

ಅಲ್ಲಿಂದ ಮುಂದೆ ವಿದ್ಯೆ ಬೇಗ ಬೆಳೆಯಿತು. ಕ್ರಿಸ್ಟಿಸನ್ನನ ಶಿಷ್ಯ ಥಾಮಸ್ ಫ್ರೇಸರ್ 1862ರಲ್ಲಿ ಈ ಬೀಜದ ಮೇಲೆ ಬರೆದ ಪ್ರಬಂಧಕ್ಕೆ ಚಿನ್ನದ ಪದಕ ಪಡೆದನು. ಬೀಜದ ರಸ ಕಣ್ಣಿನ ಪಾಪೆಯನ್ನು ಕಿರಿದು ಮಾಡುತ್ತದೆಂದು ಅವನು ತಿಳಿಸಿದ ಮೇಲೆ ಅವನ ಗೆಳೆಯ ಆರ್ಗೈಲ್ ರಾಬರ್ಟ್‌ಸನ್ 1863ರಲ್ಲಿ ಅದನ್ನು ತನ್ನ ಕಣ್ಣಿಗೇ ಹಾಕಿಕೊಂಡು ಪರೀಕ್ಷಿಸಿದನು. 1864ರಲ್ಲಿ ಜರ್ಮನಿಯ ಯೋಬ್ಸ್ಟ್ ಮತ್ತು ಹೆಸ್ಸೆ ಬೀಜದ ಸಾರವನ್ನು ಬೇರ್ಪಡಿಸಿ ಫೈಸೊಸ್ಟಿಗ್ಮೀನ್ ಎಂದರು. ಮರುವರ್ಷ ಫ್ರಾನ್ಸಿನ ಇಬ್ಬರು ಅದನ್ನು ಹರಳುಗಟ್ಟಿಸಿ 'ಎಸೆರಿನ್' ಎಂದರು. ಎಫಿಕ್ ಜನರ ನೆನಪು ಔಷಧಶಾಸ್ತ್ರದಲ್ಲಿ ಉಳಿದದ್ದು ಈ ಎರಡನೆಯ ಹೆಸರಿನಿಂದ. 1876ರಲ್ಲಿ ಸ್ಟ್ರಾಸ್‌ಬರ್ಗಿನ ಲಾಕರ್ ಎಂಬ ನೇತ್ರವೈದ್ಯನು ಗ್ಲಾಕೋಮ ಎಂಬ ಕಣ್ಣಿನ ಒತ್ತಡದ ರೋಗಕ್ಕೆ ಇದನ್ನು ಮದ್ದಾಗಿ ಬಳಸಿದನು. ಅವನಿಗೂ ಅದೇ ರೋಗವಿತ್ತು.

ಇತ್ತ ಕ್ಯಾಲಬಾರಿನಲ್ಲಿ 1878ರಲ್ಲಿ ಬ್ರಿಟಿಷ್ ಕಾನ್ಸಲನಿಗೂ ಅಲ್ಲಿಯ ಮುಖಂಡರಿಗೂ ಆದ ಒಪ್ಪಂದದಲ್ಲಿ ಎಸೆರೆ ದಿವ್ಯವನ್ನು ನಿಷೇಧಿಸಲಾಯಿತು. ಜೀವಗಳು ಉಳಿದವು, ಅದು ಒಳ್ಳೆಯದೇ ಆಯಿತು.

ಈ ಬೀಜ ಕೊಲ್ಲುವುದು ಹೇಗೆ, ಕಾಯುವುದು ಹೇಗೆ? ನಮ್ಮ ನರ ಸ್ನಾಯುವಿಗೆ ಅಪ್ಪಣೆ ಕೊಡುವಾಗ ಅಸಿಟೈಲ್‌ಕೋಲೀನ್ ಎಂಬ ವಸ್ತುವನ್ನು ಸ್ರವಿಸುತ್ತದೆ. ಕೆಲಸವಾದ ಕೂಡಲೇ ಒಂದು ಕಿಣ್ವ ಬಂದು ಅದನ್ನು ಗುಡಿಸಿಹಾಕುತ್ತದೆ. ಎಸೆರಿನ್ ಆ ಗುಡಿಸುವವನ ಕೈಯನ್ನು ಕಟ್ಟುತ್ತದೆ. ಅಪ್ಪಣೆ ಅಳಿಸದೆ ಉಳಿಯುತ್ತದೆ. ಆರೋಗ್ಯವಂತನಿಗೆ ಇದು ಅತಿಯಾಗಿ ಉಸಿರಾಟ ನಿಲ್ಲುತ್ತದೆ. ಅಪ್ಪಣೆಯೇ ಸರಿಯಾಗಿ ಮುಟ್ಟದ ರೋಗಿಗೆ ಅದೇ ಅಮೃತ. 1934ರಲ್ಲಿ ಲಂಡನ್ನಿನ ಗ್ರೀನಿಚ್ ಬಡಾವಣೆಯ ಸಂತ ಆಲ್ಫೀಜ್ ಆಸ್ಪತ್ರೆಯ ವೈದ್ಯೆ ಮೇರಿ ವಾಕರ್, ಮೈಯಸ್ತೀನಿಯ ಎಂಬ ಸ್ನಾಯುದೌರ್ಬಲ್ಯದ ರೋಗವು ಕ್ಯುರಾರೆ ವಿಷ ಏರಿದಂತೆಯೇ ಇದೆಯಲ್ಲ ಎಂದು ಯೋಚಿಸಿ, ಕ್ಯುರಾರೆಗೆ ಪ್ರತಿಮದ್ದಾದ ಫೈಸೊಸ್ಟಿಗ್ಮೀನನ್ನು ರೋಗಿಗೆ ಚುಚ್ಚಿದಳು. ಜೋತುಬಿದ್ದ ರೆಪ್ಪೆ ಮೇಲೆದ್ದಿತು. ಪರಿಣಾಮ ಕೆಲವು ಗಂಟೆಗಳ ಕಾಲ ಮಾತ್ರ. ಆದರೆ ದಾರಿ ತೆರೆದಿತ್ತು.

ಈಗ ಅಮೆರಿಕದ ಭಾಗಕ್ಕೆ ಬರೋಣ. ಬೀಜದಲ್ಲಿರುವ ಈ ವಸ್ತುವನ್ನು ಬಳ್ಳಿಯ ನೆರವಿಲ್ಲದೆ ಪ್ರಯೋಗಶಾಲೆಯಲ್ಲಿಯೇ ಕಟ್ಟುವುದು ಆ ಕಾಲದ ರಸಾಯನಶಾಸ್ತ್ರಕ್ಕೆ ಒಂದು ಸವಾಲಾಗಿತ್ತು. ಆಕ್ಸ್‌ಫರ್ಡಿನ ಮಹಾವಿದ್ವಾಂಸ ರಾಬರ್ಟ್ ರಾಬಿನ್‌ಸನ್ ಅದರ ಬೆನ್ನು ಹತ್ತಿದ್ದನು. ಗೆದ್ದವನು ಇಂಡಿಯಾನ ರಾಜ್ಯದ ಡಿಪಾ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ನಡೆಸುತ್ತಿದ್ದ ಪರ್ಸಿ ಜೂಲಿಯನ್. 1899ರಲ್ಲಿ ಅಲಬಾಮ ರಾಜ್ಯದಲ್ಲಿ ಹುಟ್ಟಿದ ಕಪ್ಪು ಜನಾಂಗದವನು. ಗುಲಾಮಗಿರಿಯಲ್ಲಿ ಹುಟ್ಟಿದವರ ಮೊಮ್ಮಗ. ಹಾರ್ವರ್ಡಿನಲ್ಲಿ ಎಂ.ಎ. ಆದರೂ ಬಿಳಿಯ ವಿದ್ಯಾರ್ಥಿಗಳಿಗೆ ಪಾಠ ಹೇಳುವ ಅವಕಾಶ ಸಿಗದೆ, ವಿಯೆನ್ನಾಕ್ಕೆ ಹೋಗಿ 1931ರಲ್ಲಿ ಡಾಕ್ಟರೇಟ್ ಪಡೆದು ಬಂದವನು. ವಿಯೆನ್ನಾದ ಗೆಳೆಯ ಯೋಸೆಫ್ ಪಿಕ್ಲ್ ಜೊತೆಗೂಡಿ, ರಾಬಿನ್‌ಸನ್ನನ ಫಲಿತಾಂಶ ತಪ್ಪೆಂದು ಅಚ್ಚಿನಲ್ಲಿಯೇ ಹೇಳುವ ಎದೆಗಾರಿಕೆ ತೋರಿಸಿ, 1935ರಲ್ಲಿ ಫೈಸೊಸ್ಟಿಗ್ಮೀನಿನ ಸಂಶ್ಲೇಷಣೆಯನ್ನು ಪೂರೈಸಿದನು. ತಪ್ಪಿದ್ದರೆ ಅವನ ಬಾಳು ಅಲ್ಲಿಗೆ ಮುಗಿಯುತ್ತಿತ್ತು. ತಪ್ಪಿರಲಿಲ್ಲ. ಇದು ಅವನ ಪಾಲಿನ ದಿವ್ಯ. ಅದರಲ್ಲಿ ಅವನು ಶುದ್ಧನಾಗಿ ಹೊರಬಂದನು.

ಆದರೂ ಅವನಿಗೆ ಅಲ್ಲಿ ಪ್ರೊಫೆಸರ್ ಹುದ್ದೆ ದೊರೆಯಲಿಲ್ಲ. ಬಣ್ಣ ಅಡ್ಡ ಬಂತು. 1936ರಲ್ಲಿ ಷಿಕಾಗೋದ ಕೈಗಾರಿಕೆಯೊಂದನ್ನು ಸೇರಿದನು. ಎಸೆರೆ ಬೀಜದ ಎಣ್ಣೆಯಲ್ಲಿ ಸ್ಟಿಗ್ಮಾಸ್ಟೆರಾಲ್ ಎಂಬ ವಸ್ತುವಿನ ಹರಳುಗಳನ್ನು ಅವನು ಕಂಡಿದ್ದನು. ಅದೇ ವಸ್ತುವನ್ನು ಸೋಯಾ ಎಣ್ಣೆಯಿಂದ ತೆಗೆದು ಹಾರ್ಮೋನುಗಳನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸುವ ಮಾರ್ಗ ಹಾಕಿದನು. 1950ರಲ್ಲಿ ಓಕ್ ಪಾರ್ಕಿನಲ್ಲಿ ಮನೆ ಕೊಂಡಾಗ ಆ ಮನೆಗೆ ಬೆಂಕಿಯಿಡುವ ಪ್ರಯತ್ನ ನಡೆಯಿತು. ಅವನು ಊರು ಬಿಡಲಿಲ್ಲ. 1973ರಲ್ಲಿ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ ಅವನನ್ನು ಸದಸ್ಯನನ್ನಾಗಿ ಆರಿಸಿತು, 1975ರಲ್ಲಿ ತೀರಿಕೊಂಡನು.

ಇದನ್ನು ಇಷ್ಟು ವಿಸ್ತಾರವಾಗಿ ಹೇಳಲು ಕಾರಣವಿದೆ. ನಮ್ಮಲ್ಲಿ ಅನೇಕರು ಈ ದೇಶಕ್ಕೆ ಬಂದದ್ದು 1965ರ ವಲಸೆ ಕಾನೂನು ತೆರೆದ ಬಾಗಿಲಿನಿಂದ. ಆ ಬಾಗಿಲು ತೆರೆದದ್ದು ಕಪ್ಪು ಜನರು ಸಮಾನ ಹಕ್ಕಿಗಾಗಿ ನಡೆಸಿದ ಹೋರಾಟದ ಕಾಲದಲ್ಲಿ, ಆ ಹೋರಾಟದ ಬಲದಿಂದ. ನಮ್ಮ ಡಿಗ್ರಿಗೆ ಇಲ್ಲಿ ಸಿಕ್ಕ ಮರ್ಯಾದೆ ಜೂಲಿಯನ್ನನಿಗೆ ಹುಟ್ಟಿದ ನೆಲದಲ್ಲಿಯೇ ಸಿಕ್ಕಿರಲಿಲ್ಲವೆಂಬುದನ್ನು ನಾವು ಮರೆಯಬಾರದು.

ಈ ಬಳ್ಳಿಯ ವಂಶ ಇಂದು ನಮ್ಮ ಮನೆಗಳನ್ನೂ ಮುಟ್ಟಿದೆ. ಅದರ ಮಾದರಿಯಲ್ಲಿಯೇ 1931ರಲ್ಲಿ ನಿಯೋಸ್ಟಿಗ್ಮೀನ್ ಹುಟ್ಟಿತು. ನಮ್ಮ ನಾಡಿನಲ್ಲಿ ನಾಗರಹಾವು ಕಚ್ಚಿ ರೆಪ್ಪೆ ಜೋತುಬಿದ್ದ ರೈತನಿಗೆ ಆಸ್ಪತ್ರೆಯಲ್ಲಿ ಪ್ರತಿವಿಷದ ಜೊತೆಗೆ ಅಟ್ರೊಪೀನನ್ನೂ ನಿಯೋಸ್ಟಿಗ್ಮೀನನ್ನೂ ಕೊಡುತ್ತಾರೆ. ಮರೆವಿನ ರೋಗ ಬಂದ ನಮ್ಮ ತಂದೆತಾಯಿಗಳಿಗೆ ವೈದ್ಯರು ಬರೆದುಕೊಡುವ ರಿವಾಸ್ಟಿಗ್ಮೀನ್ ಕೂಡ ಇದೇ ಕುಲದ್ದು. ಕುಲದಲ್ಲಿ ಕಹಿಯೂ ಇದೆ. ಇದೇ ತತ್ತ್ವದ ಮೇಲೆ ಕಾರ್ಬರಿಲ್ ಎಂಬ ಕೀಟನಾಶಕವನ್ನು ಮಾಡಿದರು. ಅದನ್ನು ತಯಾರಿಸಲು ಕೂಡಿಟ್ಟಿದ್ದ ಅನಿಲವೇ 1984ರ ಡಿಸೆಂಬರಿನಲ್ಲಿ ಭೋಪಾಲದಲ್ಲಿ ಸಾವಿರಾರು ಜನರನ್ನು ಕೊಂದದ್ದು. ವಿಷವನ್ನು ಎಲ್ಲೆಂದರಲ್ಲಿ ಬೆಳೆಯಗೊಡದ ಎಫಿಕ್ ಅರಸನ ಎಚ್ಚರ ಆ ಕಾರ್ಖಾನೆಯಲ್ಲಿರಲಿಲ್ಲ.

ಬಾಲ್ಫರ್, ಕ್ರಿಸ್ಟಿಸನ್, ಫ್ರೇಸರ್, ರಾಬರ್ಟ್‌ಸನ್ ಇವರ ಹೆಸರುಗಳು ಪುಸ್ತಕಗಳಲ್ಲಿವೆ, ಇರಬೇಕಾದದ್ದೇ. ಆದರೆ ಕಾಡಿನ ನೂರು ಬಳ್ಳಿಗಳ ನಡುವೆ ಈ ಒಂದನ್ನು ಗುರುತಿಸಿದವನ, ಅರೆಯುವ ಬಗೆ ಕಂಡುಕೊಂಡವನ, ಅದನ್ನು ಕುಡಿದು ಸತ್ತವನ ಹೆಸರು ಎಲ್ಲಿಯೂ ಇಲ್ಲ. ನಮ್ಮ ಹಳ್ಳಿಯ ನಾಟಿವೈದ್ಯರಿಗೂ ಇದೇ ಗತಿ. ಮುಂದಿನ ರಜೆಯಲ್ಲಿ ಊರಿಗೆ ಹೋದಾಗ, ಹಿತ್ತಲ ಬಳ್ಳಿಯ ಗುಣ ಬಲ್ಲ ಅಜ್ಜಿಯೋ ಪಂಡಿತರೋ ಇನ್ನೂ ಇದ್ದರೆ, ಅವರು ಹೇಳುವುದನ್ನು ಬರೆದುಕೊಂಡು ಬನ್ನಿ. ಅವರ ಹೆಸರನ್ನೂ ಅದರ ಪಕ್ಕದಲ್ಲಿಯೇ ಬರೆಯಿರಿ ಎಂದು ಓದುಗರಲ್ಲಿ ಬಿನ್ನವಿಸುತ್ತೇವೆ.