ಪೋರ್ಟ್‌ಲ್ಯಾಂಡ್‌ನಲ್ಲಿ ಪಿನ್‌ಬಾಲ್

ಪೋರ್ಟ್‌ಲ್ಯಾಂಡ್ ಅಮೆರಿಕ ಸಂಯುಕ್ತ ಸಂಸ್ಥಾನದ ಒರೆಗಾನ್ ರಾಜ್ಯದ ಅತಿ ದೊಡ್ಡ ನಗರ. 2020ರ ಜನಗಣತಿಯ ಪ್ರಕಾರ ಇಲ್ಲಿನ ಜನಸಂಖ್ಯೆ 6,52,503. ಗಾತ್ರದಲ್ಲಿ ಮಧ್ಯಮವೆನಿಸಿದರೂ, ಸಾರ್ವಜನಿಕ ಸ್ಥಳಗಳಲ್ಲಿ ಪಿನ್‌ಬಾಲ್ ಯಂತ್ರಗಳು ಹೇರಳವಾಗಿ ಸಿಗುವ ನಗರವೆಂದು ಇದು ಆಟಗಾರರಲ್ಲಿ ಹೆಸರಾಗಿದೆ. ಒಂದು ಕಾಲದಲ್ಲಿ ಇದೇ ಯಂತ್ರಗಳನ್ನು ಕಾನೂನಿನ ಮೂಲಕ ನಿಷೇಧಿಸಿದ್ದ ನಗರವೂ ಇದೇ. ಪಿನ್‌ಬಾಲ್ ಆಡುವ ಸ್ಥಳಗಳನ್ನು ಹುಡುಕಿಕೊಡುವ ‘ಪಿನ್‌ಬಾಲ್ ಮ್ಯಾಪ್’ ಎಂಬ ಅಂತರಜಾಲ ನಕ್ಷೆ 2008ರಲ್ಲಿ ಇಲ್ಲಿಯೇ ಆರಂಭವಾಯಿತು.

ಆಟದ ಸ್ವರೂಪ

ಪಿನ್‌ಬಾಲ್ ನಾಣ್ಯ ಹಾಕಿ ಆಡುವ ಯಂತ್ರದಾಟ. ಗಾಜು ಹೊದಿಸಿದ ಇಳಿಜಾರು ಹಲಗೆಯ ಮೇಲೆ ಸುಮಾರು 27 ಮಿಲಿಮೀಟರ್ ವ್ಯಾಸದ, 80 ಗ್ರಾಂ ತೂಕದ ಉಕ್ಕಿನ ಗುಂಡು ಉರುಳುತ್ತದೆ. ಆಟಗಾರನು ಸ್ಪ್ರಿಂಗ್ ಜೋಡಿಸಿದ ಸಲಾಕೆಯಿಂದ ಗುಂಡನ್ನು ಮೇಲಕ್ಕೆ ಚಿಮ್ಮಿಸುತ್ತಾನೆ. ಅದು ಕೆಳಗಿನ ಕಿಂಡಿಯೊಳಗೆ ಬೀಳದಂತೆ ‘ಫ್ಲಿಪ್ಪರ್’ ಎಂಬ ಎರಡು ಪುಟ್ಟ ತೋಳುಗಳಿಂದ ಹೊಡೆದು, ನಿರ್ದಿಷ್ಟ ಗುರಿಗಳಿಗೆ ತಾಗಿಸಿ ಅಂಕ ಗಳಿಸುತ್ತಾನೆ. ಯಂತ್ರವನ್ನು ಮಿತಿಮೀರಿ ಅಲುಗಾಡಿಸಿದರೆ ‘ಟಿಲ್ಟ್’ ಆಗಿ ಆ ಗುಂಡಿನ ಆಟ ಮುಗಿಯುತ್ತದೆ.

ಫ್ರಾನ್ಸ್‌ನ ಬ್ಯಾಗಟೆಲ್ ಎಂಬ ಮೇಜಿನಾಟ ಇದರ ಮೂಲ. ಷಿಕಾಗೋದ ಡೇವಿಡ್ ಗಾಟ್ಲೀಬ್ 1931ರಲ್ಲಿ ಹೊರತಂದ ‘ಬ್ಯಾಫಲ್ ಬಾಲ್’ ಯಂತ್ರವು ಆಟವನ್ನು ಜನಪ್ರಿಯಗೊಳಿಸಿತು. ಆಗಿನ ಯಂತ್ರಗಳಲ್ಲಿ ಫ್ಲಿಪ್ಪರ್ ಇರಲಿಲ್ಲ. ಗುಂಡನ್ನು ಚಿಮ್ಮಿಸಿದ ಬಳಿಕ ಯಂತ್ರವನ್ನು ತುಸು ತಟ್ಟುವುದಲ್ಲದೆ ಆಟಗಾರನಿಗೆ ಬೇರೆ ಹಿಡಿತವಿರಲಿಲ್ಲ. 1947ರಲ್ಲಿ ಗಾಟ್ಲೀಬ್ ಸಂಸ್ಥೆಯ ‘ಹಂಪ್ಟಿ ಡಂಪ್ಟಿ’ ಯಂತ್ರದೊಂದಿಗೆ ಫ್ಲಿಪ್ಪರ್ ಬಂದಾಗ ಕೌಶಲಕ್ಕೆ ಅವಕಾಶ ಹೆಚ್ಚಿತು.

ನಿಷೇಧದ ಕಾಲ

ಅದೃಷ್ಟದ ಪಾತ್ರ ದೊಡ್ಡದಾಗಿದ್ದುದರಿಂದಲೂ ಕೆಲವು ಯಂತ್ರಗಳು ಗೆದ್ದವರಿಗೆ ಹಣ ಕೊಡುತ್ತಿದ್ದುದರಿಂದಲೂ ಪಿನ್‌ಬಾಲನ್ನು ಜೂಜೆಂದು ಪರಿಗಣಿಸಲಾಯಿತು. ನ್ಯೂಯಾರ್ಕ್ ನಗರ 1942ರಲ್ಲಿ ಇದನ್ನು ನಿಷೇಧಿಸಿತು. ವಶಪಡಿಸಿಕೊಂಡ ಯಂತ್ರಗಳನ್ನು ಸುತ್ತಿಗೆಯಿಂದ ಒಡೆಯಲಾಯಿತು. ಪೋರ್ಟ್‌ಲ್ಯಾಂಡ್ ಕೂಡ ಅದೇ ದಾರಿ ಹಿಡಿಯಿತು. ನಗರದ ನಿಷೇಧ ಕಾಯಿದೆಯನ್ನು ಒರೆಗಾನ್ ಸರ್ವೋಚ್ಚ ನ್ಯಾಯಾಲಯವು 1955ರಲ್ಲಿ ಎತ್ತಿಹಿಡಿಯಿತು. ಪೋರ್ಟ್‌ಲ್ಯಾಂಡ್‌ನ ಜೂಜು ಮತ್ತಿತರ ಅಕ್ರಮ ವ್ಯವಹಾರಗಳನ್ನು ಬಯಲಿಗೆಳೆದ ವರದಿಗಳಿಗಾಗಿ ‘ದಿ ಒರೆಗೋನಿಯನ್’ ಪತ್ರಿಕೆಯ ವ್ಯಾಲೇಸ್ ಟರ್ನರ್ ಮತ್ತು ವಿಲಿಯಂ ಲ್ಯಾಂಬರ್ಟ್ ಅವರಿಗೆ 1957ರಲ್ಲಿ ಪುಲಿಟ್ಜರ್ ಪ್ರಶಸ್ತಿ ದೊರೆಯಿತು.

1970ರ ದಶಕದಲ್ಲಿ ದೇಶದ ಇತರೆಡೆ ಈ ನಿಲುವು ಬದಲಾಯಿತು. ಲಾಸ್ ಏಂಜಲೀಸ್‌ನ ನಿಷೇಧವನ್ನು ಕ್ಯಾಲಿಫೋರ್ನಿಯ ಸರ್ವೋಚ್ಚ ನ್ಯಾಯಾಲಯವು 1974ರಲ್ಲಿ ರದ್ದುಗೊಳಿಸಿತು. 1976ರಲ್ಲಿ ನ್ಯೂಯಾರ್ಕ್ ನಗರಸಭೆಯ ಸಮಿತಿಯ ಮುಂದೆ ರೋಜರ್ ಶಾರ್ಪ್ ಎಂಬ ಬರಹಗಾರರು ಗುಂಡು ಯಾವ ದಾರಿಯಲ್ಲಿ ಇಳಿಯುವುದೆಂದು ಮೊದಲೇ ಹೇಳಿ, ಹಾಗೆಯೇ ಹೊಡೆದು ತೋರಿಸಿದರು. ಇದು ಕೌಶಲದ ಆಟವೆಂದು ಒಪ್ಪಿ ನಗರವು ನಿಷೇಧವನ್ನು ತೆರವುಗೊಳಿಸಿತು.

ಅವನತಿ ಮತ್ತು ಚೇತರಿಕೆ

1980ರ ದಶಕದಲ್ಲಿ ವಿಡಿಯೊ ಗೇಮ್‌ಗಳು ಆರ್ಕೇಡ್‌ಗಳಲ್ಲಿ ಪಿನ್‌ಬಾಲಿನ ಜಾಗವನ್ನು ಆಕ್ರಮಿಸಿದವು. ಬಿಡಿಭಾಗಗಳು ಸವೆಯುವ ಯಂತ್ರಕ್ಕೆ ಹೋಲಿಸಿದರೆ ಪರದೆಯ ಆಟಗಳ ನಿರ್ವಹಣೆ ಸುಲಭವಾಗಿತ್ತು. 1992ರ ‘ದಿ ಆಡಮ್ಸ್ ಫ್ಯಾಮಿಲಿ’ ಯಂತ್ರ 20,000ಕ್ಕೂ ಹೆಚ್ಚು ಸಂಖ್ಯೆಯಲ್ಲಿ ತಯಾರಾದರೂ ಉದ್ಯಮದ ಕುಸಿತ ನಿಲ್ಲಲಿಲ್ಲ. ಪ್ರಮುಖ ತಯಾರಕ ಸಂಸ್ಥೆಯಾಗಿದ್ದ ವಿಲಿಯಮ್ಸ್ 1999ರಲ್ಲಿ ಪಿನ್‌ಬಾಲ್ ತಯಾರಿಕೆಯನ್ನು ಕೈಬಿಟ್ಟಿತು. ಅದೇ ವರ್ಷ ಪೋರ್ಟ್‌ಲ್ಯಾಂಡ್‌ನಲ್ಲಿ ‘ಗ್ರೌಂಡ್ ಕಂಟ್ರೋಲ್’ ಎಂಬ ಹಳೆಯ ಆಟಗಳ ಆರ್ಕೇಡ್ ಆರಂಭವಾಯಿತು. ಹೊಸ ಯಂತ್ರಗಳು ವಿರಳವಾಗುತ್ತಿದ್ದ ಆ ಹೊತ್ತಿನಲ್ಲಿ ಹಳೆಯವನ್ನು ದುರಸ್ತಿ ಮಾಡಿ ಆಡುವ ಸ್ಥಿತಿಯಲ್ಲಿ ಉಳಿಸಿಕೊಳ್ಳಬಲ್ಲ ಸ್ಥಳಗಳ ಮಹತ್ವ ಹೆಚ್ಚಿತು.

ಆಡುವ ಸ್ಥಳಗಳು

ನಗರದಲ್ಲಿ ಪಿನ್‌ಬಾಲ್ ಸಿಗುವ ಸ್ಥಳಗಳನ್ನು ಸ್ಥೂಲವಾಗಿ ಮೂರು ಬಗೆಯಾಗಿ ವಿಂಗಡಿಸಬಹುದು.

ಆರ್ಕೇಡ್‌ಗಳು: ಗ್ರೌಂಡ್ ಕಂಟ್ರೋಲ್ ಓಲ್ಡ್ ಟೌನ್ ಪ್ರದೇಶದಲ್ಲಿದೆ. ಇಂತಹ ಸ್ಥಳಗಳಲ್ಲಿ ಹಲವು ಕಾಲದ ಯಂತ್ರಗಳು ಒಂದೇ ಸೂರಿನಡಿ ದೊರೆಯುತ್ತವೆ.

ಬಾರ್‌ಗಳು ಮತ್ತು ಪಿಜ್ಜಾ ಅಂಗಡಿಗಳು: ಇಲ್ಲಿ ಒಂದೆರಡು ಯಂತ್ರಗಳಿಂದ ಹಿಡಿದು ಹತ್ತಾರು ಯಂತ್ರಗಳವರೆಗೂ ಇರುವುದುಂಟು. ಅಮೆರಿಕದಲ್ಲಿ ಮದ್ಯಸೇವನೆಯ ಕನಿಷ್ಠ ವಯಸ್ಸು 21 ಆಗಿರುವುದರಿಂದ ಕೆಲವೆಡೆ ಕಿರಿಯರಿಗೆ ಪ್ರವೇಶವಿಲ್ಲ. ಇನ್ನು ಕೆಲವೆಡೆ ಹಗಲಿನಲ್ಲಿ ಮಾತ್ರ ಪ್ರವೇಶವಿದೆ.

ವಸ್ತುಸಂಗ್ರಹಾಲಯಗಳು: ಸಮೀಪದ ಹಿಲ್ಸ್‌ಬೊರೊ ಪಟ್ಟಣದಲ್ಲಿರುವ ನೆಕ್ಸ್ಟ್ ಲೆವೆಲ್ ಪಿನ್‌ಬಾಲ್ ಮ್ಯೂಸಿಯಂ ಈ ಬಗೆಯದು. ಪ್ರವೇಶ ಶುಲ್ಕ ಕೊಟ್ಟು ಒಳಹೋದವರು ಪ್ರತಿ ಆಟಕ್ಕೂ ನಾಣ್ಯ ಹಾಕಬೇಕಿಲ್ಲ.

ಪಿನ್‌ಬಾಲ್ ಮ್ಯಾಪ್

ಬಾರ್‌ಗಳಲ್ಲಿರುವ ಯಂತ್ರಗಳು ಅನೇಕ ಸಲ ಆ ಅಂಗಡಿಯ ಸ್ವಂತ ಆಸ್ತಿಯಲ್ಲ. ‘ಆಪರೇಟರ್’ ಎನಿಸಿಕೊಳ್ಳುವ ಮಾಲೀಕರು ಅವನ್ನು ಅಲ್ಲಿರಿಸಿ, ದುರಸ್ತಿ ನೋಡಿಕೊಂಡು, ಆದಾಯವನ್ನು ಅಂಗಡಿಯವರೊಂದಿಗೆ ಹಂಚಿಕೊಳ್ಳುತ್ತಾರೆ. ಗಳಿಕೆ ಇಳಿದಾಗ ಯಂತ್ರವನ್ನು ಬೇರೆಡೆಗೆ ಸಾಗಿಸುತ್ತಾರೆ. ಹೀಗಾಗಿ ಮುದ್ರಿತ ಪಟ್ಟಿಗಳು ಬಹುಬೇಗ ಹಳತಾಗುತ್ತವೆ.

ಈ ತೊಡಕಿಗೆ ಪಿನ್‌ಬಾಲ್ ಮ್ಯಾಪ್ ಕಂಡುಕೊಂಡ ಪರಿಹಾರ ಸರಳವಾದುದು: ಆಡಲು ಹೋದವರೇ ಮಾಹಿತಿಯನ್ನು ತಿದ್ದುತ್ತಾರೆ. ಪೋರ್ಟ್‌ಲ್ಯಾಂಡಿಗಾಗಿ ಆರಂಭವಾದ ನಕ್ಷೆ ಕ್ರಮೇಣ ಇತರ ನಗರಗಳಿಗೂ ದೇಶಗಳಿಗೂ ವಿಸ್ತರಿಸಿತು. ಪ್ರತಿ ಸ್ಥಳದಲ್ಲಿರುವ ಯಂತ್ರಗಳ ಹೆಸರು, ಅವುಗಳ ಸ್ಥಿತಿಯ ಕುರಿತ ಟಿಪ್ಪಣಿ ಮತ್ತು ಮಾಹಿತಿ ಕೊನೆಯದಾಗಿ ಪರಿಷ್ಕೃತವಾದ ದಿನಾಂಕ ಇದರಲ್ಲಿ ಸಿಗುತ್ತವೆ.

ಯಂತ್ರಗಳ ಸ್ಥಿತಿ

ಯಂತ್ರವಿದ್ದ ಮಾತ್ರಕ್ಕೆ ಅದು ಆಡಲು ಯೋಗ್ಯವಾಗಿರುತ್ತದೆ ಎನ್ನಲಾಗದು. ಫ್ಲಿಪ್ಪರ್ ದುರ್ಬಲವಾದರೆ ಗುಂಡು ಮೇಲಿನ ಗುರಿಗಳನ್ನು ಮುಟ್ಟುವುದಿಲ್ಲ. ರಬ್ಬರ್ ಉಂಗುರಗಳು ಸವೆದರೆ ಪುಟಿತ ತಗ್ಗುತ್ತದೆ. ಗೀರುಬಿದ್ದ ಗುಂಡು ಹಲಗೆಯ ಬಣ್ಣವನ್ನೇ ಕೆರೆದುಹಾಕುತ್ತದೆ. ಆದ್ದರಿಂದ ಅನುಭವಿ ಆಟಗಾರರು ಯಂತ್ರಗಳ ಸಂಖ್ಯೆಗಿಂತ ನಿರ್ವಹಣೆಗೆ ಹೆಚ್ಚಿನ ಬೆಲೆ ಕೊಡುತ್ತಾರೆ. ದೋಷ ಕಂಡಾಗ ಅಂಗಡಿಯ ಸಿಬ್ಬಂದಿಗೆ ತಿಳಿಸುವುದು ಮತ್ತು ನಕ್ಷೆಯಲ್ಲಿ ದಾಖಲಿಸುವುದು ಆಟಗಾರರಲ್ಲಿ ರೂಢಿಯಲ್ಲಿದೆ. ಕೆಟ್ಟ ಯಂತ್ರಕ್ಕೆ ಯಾರೂ ನಾಣ್ಯ ಹಾಕುವುದಿಲ್ಲ. ನಾಣ್ಯ ಬೀಳದ ಯಂತ್ರ ಆ ಸ್ಥಳದಲ್ಲಿ ಹೆಚ್ಚು ಕಾಲ ಉಳಿಯುವುದಿಲ್ಲ.