ರೊಟ್ಟಿಯ ಮಗ್ಗುಲಿನ ಪಚಡಿ

ಅರಸರ ಕಾಳಗಗಳನ್ನೂ ಶಾಸನಗಳನ್ನೂ ಕುರಿತು ಬರೆಯುವ ನಾವು ನಮ್ಮ ಗಂಗಾಳದ ಇತಿಹಾಸವನ್ನು ಅಷ್ಟಾಗಿ ಲಕ್ಷಿಸಿಲ್ಲ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಸೀಮೆಯ ಕನ್ನಡಿಗರ ಮನೆಗಳಲ್ಲಿ ಜೋಳದ ರೊಟ್ಟಿಯ ಮಗ್ಗುಲಿಗೆ ಬೇಯಿಸದ ಹಸಿಯ ವ್ಯಂಜನವೊಂದು ಇರುವುದು ವಾಡಿಕೆ. ಅದೇ ಪಚಡಿ.

ಇದಕ್ಕೆ ಹೆಚ್ಚು ಹೊತ್ತು ಬೇಡ. ಎಳೆಯ ಮೆಂತ್ಯದ ಸೊಪ್ಪು, ಉಳ್ಳಾಗಡ್ಡಿ, ಸವತಿಕಾಯಿಗಳನ್ನು ಸಣ್ಣಗೆ ಹೆಚ್ಚಿ, ಶೇಂಗಾ ಪುಡಿ ಮತ್ತು ಉಪ್ಪು ಬೆರೆಸಿ, ಸಾಸಿವೆಯ ಒಗ್ಗರಣೆ ಕೊಟ್ಟರೆ ಒಂದು ಬಗೆ. ಗಜ್ಜರಿಯನ್ನು ತುರಿದು ನಿಂಬೆಯ ರಸ ಹಿಂಡಿದರೆ ಇನ್ನೊಂದು. ಮೊಳಕೆಯೊಡೆದ ಮಡಿಕೆಕಾಳಿಗೆ ಕೋತಂಬರಿ ಕೂಡಿದರೆ ಮತ್ತೊಂದು. ರಾಮನವಮಿಗೆ ನೆನೆಸಿದ ಹೆಸರುಬೇಳೆಯ ಕೋಸಂಬರಿ. ಚಳಿಗಾಲದಲ್ಲಿ, ಯಾರೂ ಬಿತ್ತದೆ ಹೊಲದಲ್ಲಿ ತಾನಾಗಿ ಹುಟ್ಟುವ ಹಕ್ಕರಕಿಯ ಸೊಪ್ಪು.

ಅಡಿಗೆಯನ್ನು ಶಾಸ್ತ್ರವೆಂದು ಕಂಡವರಲ್ಲಿ ಕನ್ನಡಿಗರು ಹಿಂದೆ ಬಿದ್ದವರಲ್ಲ. ಕಲ್ಯಾಣದ ಚಾಲುಕ್ಯ ಜಯಸಿಂಹನ ಕಾಲದಲ್ಲಿ, ಸುಮಾರು ಕ್ರಿ.ಶ. ೧೦೨೫ರಲ್ಲಿ, ಇಮ್ಮಡಿ ಚಾವುಂಡರಾಯನು ರಚಿಸಿದ ‘ಲೋಕೋಪಕಾರ’ದಲ್ಲಿ ಪಾಕವಿಚಾರವೂ ಸೇರಿದೆ. ಹದಿನಾರನೆಯ ಶತಮಾನದ ಆದಿಯಲ್ಲಿ ಮೂರನೆಯ ಮಂಗರಸನು ‘ಸೂಪಶಾಸ್ತ್ರ’ವನ್ನು ಕನ್ನಡ ಷಟ್ಪದಿಯಲ್ಲಿಯೇ ಬರೆದನು. ಅಂದಿನ ಚಾಲುಕ್ಯ ರಾಜ್ಯದೊಳಗೆ ಸೊಲ್ಲಾಪುರ ಸೀಮೆಯೂ ಇತ್ತು. ನಡುವೆ ಇಂದಿನ ಗಡಿರೇಖೆ ಇರಲಿಲ್ಲ.

ಆದರೆ ಈಗಿನ ಪಚಡಿಯಲ್ಲಿರುವುದೆಲ್ಲವೂ ಆ ಕಾಲದ್ದಲ್ಲ. ಮೆಣಸಿನಕಾಯಿ, ಶೇಂಗಾ, ಟೊಮೇಟೊ ಈ ಮೂರೂ ಅಮೆರಿಕ ಖಂಡದವು. ೧೪೯೮ರಲ್ಲಿ ಪೋರ್ಚುಗೀಸರು ನಮ್ಮ ಪಶ್ಚಿಮ ತೀರಕ್ಕೆ ಬಂದಿಳಿದ ಮೇಲೆಯೇ ಇವು ಇತ್ತ ಬಂದವು. ಹೊಸ ಕಾಯಿ ಬಂದಾಗ ನಮ್ಮ ಹಿರಿಯರು ಕಂಗೆಡಲಿಲ್ಲ. ಕರಿಮೆಣಸಿನಂತೆ ಖಾರವಾದುದರಿಂದ ಅದನ್ನು ಮೆಣಸಿನಕಾಯಿ ಎಂದು ಕರೆದರು. ಶೇಂಗಾ ಎಂಬ ಮರಾಠಿ ಮಾತನ್ನು ನೆರೆಯವರಿಂದ ಪಡೆದು ತಮ್ಮದಾಗಿಸಿಕೊಂಡರು. ನಮ್ಮ ಕೋಸಂಬರಿಯೂ ಮರಾಠಿಯ ಕೋಶಿಂಬೀರವೂ ಒಂದೇ ಪಂಕ್ತಿಯಲ್ಲಿ ಕುಳಿತ ಬಂಧುಗಳು. ಕೊಟ್ಟು ತಕ್ಕೊಳ್ಳುವುದರಿಂದ ಯಾವ ನುಡಿಯೂ ಬಡವಾಗುವುದಿಲ್ಲ.

ನಮ್ಮನ್ನು ಕಳವಳಕ್ಕೆ ಈಡುಮಾಡಿದ ಸಂಗತಿ ಬೇರೆ. ಒಮ್ಮೆ ಎಂಟನೆಯ ತರಗತಿಯ ಮಕ್ಕಳಿಗೆ, ತಮ್ಮ ಬುತ್ತಿಯಲ್ಲಿ ರೊಟ್ಟಿಯೊಡನೆ ಇರುವುದರ ಹೆಸರು ಬರೆಯಿರೆಂದು ಹೇಳಿದೆವು. ಬಹುಮಂದಿ ‘ಸಲಾಡ್’ ಎಂದು ಬರೆದರು. ಪಚಡಿ ಎಂದು ಬರೆದವಳು ಒಬ್ಬಳೇ; ಅವಳೂ ಅದನ್ನು ಹೊಡೆದುಹಾಕಿದ್ದಳು. ಏಕೆಂದು ಕೇಳಿದರೆ, “ಅದು ನಮ್ಮ ಅಜ್ಜಿ ಅನ್ನೋದ್ರೀ ಸರ್, ಪುಸ್ತಕದಾಗ ಇಲ್ಲ” ಎಂದಳು. ಹಿರಿಯರು ಹೊಸ ಪದಾರ್ಥಕ್ಕೆ ಕನ್ನಡದಲ್ಲಿ ಹೆಸರು ಕೊಟ್ಟರು. ನಮ್ಮ ಕಾಲದಲ್ಲಿ ಹಳೆಯ ಪದಾರ್ಥವು ಬುತ್ತಿಯಲ್ಲಿಯೇ ಉಳಿದು ಹೆಸರು ಮಾತ್ರ ಹೊರಟುಹೋಗುತ್ತಿದೆ.

೧೯೫೬ರ ರಾಜ್ಯ ಪುನರ್ವಿಂಗಡಣೆ ನಮ್ಮನ್ನು ಗಡಿಯಾಚೆ ಇರಿಸಿತು. ಅಡಿಗೆಮನೆಯಿಂದ ಮಾತು ಹೋದರೆ ಆ ಹೊಣೆ ನಮ್ಮದೇ. ಆದುದರಿಂದ ಶಿಕ್ಷಕ ಬಂಧುಗಳಲ್ಲಿ ನಮ್ಮ ಬಿನ್ನಹ ಇಷ್ಟೆ: ಎಳ್ಳಮಾವಾಸ್ಯೆಯ ಚರಗಕ್ಕೆ ಹೊಲಕ್ಕೆ ಹೋದ ಮಕ್ಕಳು ಅಲ್ಲಿ ಹಸಿಯಾಗಿ ತಿಂದ ಸೊಪ್ಪು ಕಾಳುಗಳ ಹೆಸರುಗಳನ್ನು ಅಜ್ಜಿಯರಿಂದ ಕೇಳಿ ಬರೆದು ತರಲಿ. ಆ ಹುಡುಗಿ ಹೊಡೆದುಹಾಕಿದ ಮಾತನ್ನು ನಾವು ಕರಿಹಲಗೆಯ ಮೇಲೆ ದೊಡ್ಡದಾಗಿ ಬರೆದೆವು. ಆ ದಿನದ ಪಾಠ ಅದೇ ಆಯಿತು.