ಗರುಡ ಸದಾಶಿವರಾಯರೂ ಎಚ್ಚಮನಾಯಕನ ಇತಿಹಾಸವೂ

ಗದಗಿನ ಶ್ರೀ ದತ್ತಾತ್ರೇಯ ನಾಟಕ ಮಂಡಳಿಯ ಸ್ಥಾಪಕರಾದ ಗರುಡ ಸದಾಶಿವರಾಯರು ನಟರು, ನಾಟಕಕಾರರು, ಕಂಪನಿಯ ಒಡೆಯರು, ಮೂರೂ ಆಗಿದ್ದವರು. ಇಂದು ಅವರನ್ನು ನಟರೆಂದು ನೆನೆಯುವವರೇ ಹೆಚ್ಚು. ಕಂಪನಿ ನಾಟಕಗಳ ಗ್ರಂಥಗಳನ್ನು ಸಾಹಿತ್ಯವೆಂದು ಗಣಿಸುವ ವಾಡಿಕೆ ನಮ್ಮ ವಿಮರ್ಶಕರಲ್ಲಿ ಇಲ್ಲದುದೇ ಇದಕ್ಕೆ ಕಾರಣ. ಆದರೆ ‘ಪಾದುಕಾ ಪಟ್ಟಾಭಿಷೇಕ’, ‘ಕಂಸವಧೆ’, ‘ವಿಷಮ ವಿವಾಹ’ಗಳನ್ನು ಬರೆದ ಇದೇ ಲೇಖನಿಯಿಂದ ‘ಎಚ್ಚಮನಾಯಕ’ವೆಂಬ ಐತಿಹಾಸಿಕ ನಾಟಕವೂ ಹೊರಬಂದಿತು. ವಿಜಯನಗರದ ವೈಭವಕಾಲವನ್ನು ಬಿಟ್ಟು ಅದರ ಅಳಿಗಾಲದ ಸಾಮಂತನೊಬ್ಬನನ್ನು ಗದಗಿನ ವೃತ್ತಿನಟರು ನಾಯಕನನ್ನಾಗಿ ಆರಿಸಿಕೊಂಡುದೇಕೆ? ಈ ಪ್ರಶ್ನೆಯನ್ನು ನಾವಿಲ್ಲಿ ವಿಚಾರಿಸಹೊರಟಿದ್ದೇವೆ.

ರಂಗಕ್ಕಾಗಿಯೇ ಬರೆಯುವ ಪರಂಪರೆ ಗದಗಿಗೆ ಹೊಸದಲ್ಲ. 1843ರಲ್ಲಿ ವಿಷ್ಣುದಾಸ ಭಾವೆಯವರು ಸಾಂಗಲಿಯಲ್ಲಿ ‘ಸೀತಾಸ್ವಯಂವರ’ವನ್ನಾಡಿಸಿದ ಮೇಲೆ ಮರಾಠಿ ಮಂಡಳಿಗಳು ಧಾರವಾಡ ಸೀಮೆಯಲ್ಲೆಲ್ಲ ಸಂಚರಿಸಿದವು. ಭಾವೆಯವರಿಗೆ ಪ್ರೇರಣೆಯಾದುದು ಉತ್ತರ ಕನ್ನಡದಿಂದ ಹೋದ ಭಾಗವತರ ಮೇಳವೆಂಬುದನ್ನು ನೆನೆದರೆ, ಕೊಟ್ಟ ಸಾಲವನ್ನೇ ನಾವು ಬಡ್ಡಿಸಹಿತ ಮರಳಿ ಪಡೆದಂತಾಯಿತು! ಆ ಪ್ರಭಾವಕ್ಕೆ ಕನ್ನಡದಲ್ಲಿ ಉತ್ತರ ಕೊಡಹೊರಟವರು ಶಾಂತಕವಿಗಳೆಂದು ಹೆಸರಾದ ಸಕ್ಕರಿ ಬಾಳಾಚಾರ್ಯರು (1856–1920). 1870ರ ದಶಕದಲ್ಲಿ ಗದಗಿನಲ್ಲಿ ಹುಟ್ಟಿದ ಅವರ ಮಂಡಳಿಗೆ ವೀರನಾರಾಯಣನ ಹೆಸರೂ, ಊರಿನ ಹಳೆಯ ಹೆಸರಾದ ಕೃತಪುರವೂ ಸೇರಿಕೊಂಡಿದ್ದವು. ‘ಉಷಾಹರಣ’ದಂಥ ಪೌರಾಣಿಕ ಕಥೆಗಳೇ ಅದರ ಬಂಡವಾಳ. ಕನ್ನಡದಲ್ಲಿ ನಾಟಕವಾಡಬಹುದೆಂಬುದನ್ನು ಮೊದಲು ತೋರಿಸಬೇಕಾಗಿದ್ದ ಕಾಲದಲ್ಲಿ ಕಥೆಯನ್ನು ಹೊಸದಾಗಿ ಹುಡುಕುವ ಅವಕಾಶವಿರಲಿಲ್ಲ. ಗರುಡರ ಕಾಲಕ್ಕೆ ಆ ಅವಕಾಶ ಒದಗಿತು.

ಇನ್ನು ಎಚ್ಚಮನ ವೃತ್ತಾಂತ. 1614ರಲ್ಲಿ ಎರಡನೆಯ ವೆಂಕಟಪತಿರಾಯನು ಮರಣಶಯ್ಯೆಯಲ್ಲಿ ತನ್ನ ಸೋದರನ ಮಗನಾದ ಶ್ರೀರಂಗನಿಗೆ, ಎಂದರೆ ಚಿಕ್ಕರಾಯನಿಗೆ, ರಾಜ್ಯವನ್ನು ಒಪ್ಪಿಸಿದನು. ರಾಣಿಯೊಬ್ಬಳ ಮಗನೆನಿಸಿಕೊಂಡಿದ್ದ ಹುಡುಗನನ್ನು ಮುಂದೊಡ್ಡಿ ಜಗ್ಗರಾಯನು ತಿರುಗಿಬಿದ್ದು, ಶ್ರೀರಂಗನನ್ನು ಪರಿವಾರಸಹಿತ ವೇಲೂರಿನ ಕೋಟೆಯಲ್ಲಿ ಸೆರೆಯಿಟ್ಟನು. ಮಿಕ್ಕ ಸರದಾರರು ಗೆದ್ದವನ ಪಕ್ಷಕ್ಕೆ ವಾಲಿದಾಗ ಒಪ್ಪದೆ ನಿಂತವನು ವೆಲುಗೋಟಿ ವಂಶದ ಯಾಚಮನಾಯಕ. ರಾಜನ ನಡುವಣ ಮಗನಾದ ರಾಮನನ್ನು ಅರಮನೆಯ ಅಗಸನೊಬ್ಬನು ಬಟ್ಟೆಯ ಗಂಟಿನಲ್ಲಿ ಅಡಗಿಸಿ ಹೊರತಂದನು. ಸುರಂಗ ತೋಡಿ ರಾಜನನ್ನೂ ಬಿಡಿಸುವ ಯತ್ನ ಬಯಲಾಯಿತು. ರಾಜಪರಿವಾರದ ಕೊಲೆ ನಡೆಯಿತು. ಬಳಿಕ ಯಾಚಮನು ತಂಜಾವೂರಿನ ರಘುನಾಥನಾಯಕನ ನೆರವಿನಿಂದ ತೋಪೂರಿನ ಕಾಳಗದಲ್ಲಿ ಜಗ್ಗರಾಯನನ್ನು ಸೋಲಿಸಿದನು. ಜಗ್ಗರಾಯನು ಅಲ್ಲಿಯೇ ಹತನಾದನು.

ಈ ಸಂಗತಿಗಳಿಗೆ ಮುಖ್ಯ ಆಧಾರ ಪೋರ್ತುಗೀಜ ಪಾದ್ರಿ ಬರ್ರಾದಾಸನು 1616ರ ಡಿಸೆಂಬರದಲ್ಲಿ ಬರೆದ ಪತ್ರ. ರಾಬರ್ಟ್ ಸೀವೆಲರು 1900ರಲ್ಲಿ ಪ್ರಕಟಿಸಿದ ವಿಜಯನಗರದ ಇತಿಹಾಸದಲ್ಲಿ ಅದನ್ನು ಇಂಗ್ಲಿಷಿಗೆ ತಂದುಕೊಟ್ಟರು. ‘ರಾಮರಾಜೀಯಮು’, ‘ಸಾಹಿತ್ಯರತ್ನಾಕರ’ ಮೊದಲಾದ ತೆಲುಗು, ಸಂಸ್ಕೃತ ಕೃತಿಗಳ ಭಾಗಗಳು ಕೃಷ್ಣಸ್ವಾಮಿ ಅಯ್ಯಂಗಾರರ 1919ರ ಸಂಕಲನದಿಂದ ವಿದ್ವಾಂಸರಿಗೆ ಸುಲಭವಾಗಿ ದೊರೆತವು. ಬರ್ರಾದಾಸನ ಪತ್ರದಲ್ಲಿ ನಾಯಕನ ಹೆಸರು ‘ಎಚಮ’ ಎಂದಿರುವುದು ಗಮನಾರ್ಹ. ಕನ್ನಡದ ಬಾಯಿಗೂ ‘ಯಾಚಮ’ನಿಗಿಂತ ‘ಎಚ್ಚಮ’ನೇ ಸಲೀಸು.

ವಸ್ತುವಿನ ಆಯ್ಕೆಗೆ ಕಾರಣವನ್ನು ಮೊದಲು ರಂಗದಲ್ಲಿಯೇ ಹುಡುಕಬೇಕು. ಸೆರೆಯಾದ ರಾಜಕುಟುಂಬ, ಗಂಟಿನಲ್ಲಿ ಪಾರಾಗುವ ಬಾಲಕ, ಒಂಟಿಯಾಗಿ ನಿಲ್ಲುವ ಸ್ವಾಮಿನಿಷ್ಠ: ಇವನ್ನು ಓದಿದ ನಟನಿಗೆ ಬೇರೆ ಕಥೆ ಬೇಕೆ? ಗದಗಿನವರೇ ಆದ ಹುಯಿಲಗೋಳ ನಾರಾಯಣರಾಯರನ್ನು (1884–1971) ಇಲ್ಲಿ ಹೋಲಿಸಿ ನೋಡಬಹುದು. ವಕೀಲರಾದ ಅವರು ಬರೆದುದು ಹವ್ಯಾಸಿಗಳಿಗಾಗಿ; ಆ ಹವ್ಯಾಸಿಗಳ ಸಂಸ್ಥೆಯ ಹೆಸರು ಯಂಗ್ ಮೆನ್ಸ್ ಫುಟ್‌ಬಾಲ್ ಕ್ಲಬ್ ಎಂದಿದ್ದುದು ಒಂದು ವಿನೋದ. ಅವರು ಕುಮಾರರಾಮನನ್ನೂ ವಿದ್ಯಾರಣ್ಯರನ್ನೂ, ಎಂದರೆ ಸಾಮ್ರಾಜ್ಯದ ಉದಯಕಾಲವನ್ನು ಆರಿಸಿಕೊಂಡರು. 1924ರ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ಹಾಡಲಾದ ನಾಡಗೀತದ ಕವಿಗೆ ಉದಯವೇ ಪ್ರಿಯವಾದುದು ಸಹಜ. ಗರುಡರ ಆಯ್ಕೆ ಅಸ್ತಕಾಲ. ನಾಟಕೀಯತೆಯ ದೃಷ್ಟಿಯಿಂದ ವೃತ್ತಿನಟರ ಆಯ್ಕೆಯೇ ಮೇಲೆಂದು ನಮ್ಮ ಅಭಿಪ್ರಾಯ.

ಆದರೆ ಯಾಚಮನು ತೆಲುಗು ಮನೆತನದವನು. ಕಾಳಗ ನಡೆದುದು ಕಾವೇರಿಯ ತೀರದ ತಮಿಳು ನೆಲದಲ್ಲಿ. ಅವನು ಗದಗಿನ ಪ್ರೇಕ್ಷಕರಿಗೆ ನಮ್ಮವನಾದುದು ಹೇಗೆ? ಅಂದಿನ ರಾಜಕೀಯ ನಕಾಶೆಯನ್ನು ನೋಡಿದರೆ ಉತ್ತರ ಸಿಗುತ್ತದೆ. ಗದಗ-ಬೆಟಗೇರಿ, ಮುಂಡರಗಿಗಳು ಮುಂಬಯಿ ಇಲಾಖೆಯಲ್ಲಿ; ಶಿರಹಟ್ಟಿ ಸಾಂಗಲಿ ಸಂಸ್ಥಾನದಲ್ಲಿ; ಲಕ್ಷ್ಮೇಶ್ವರ ಮಿರಜ ಸಂಸ್ಥಾನದಲ್ಲಿ; ಮುಂಡರಗಿಯಿಂದ ಮೂಡಲಿಗೆ ಕೊಪ್ಪಳವು ನಿಜಾಮನ ಸೀಮೆ. ಒಂದೇ ಮಾತನಾಡುವ ಜನ ಒಂದು ಹಗಲಿನ ಚಕ್ಕಡಿಯ ದಾರಿಯಲ್ಲಿ ಬೇರೆಬೇರೆ ಒಡೆಯರಿಗೆ ಕಂದಾಯ ಕೊಡುತ್ತಿದ್ದರು. ಆಲೂರ ವೆಂಕಟರಾಯರ ‘ಕರ್ನಾಟಕ ಗತವೈಭವ’ (1917) ಓದುಬಲ್ಲವರಿಗೆ ತಿಳಿಸಿದ ಸಂಗತಿ, ಎಂದರೆ ಇವರೆಲ್ಲರಿಗೂ ಒಂದೇ ರಾಜ್ಯದ ನೆನಪು ಇದೆಯೆಂಬುದು, ಓದುಬಾರದವರಿಗೆ ತಲುಪಬಹುದಾಗಿದ್ದುದು ಊರೂರು ತಿರುಗುವ ಕಂಪನಿಯ ಮೂಲಕ. ವಿಜಯನಗರದ ಹೆಸರು ಹೊತ್ತವನ ಮನೆಮಾತು ಯಾವುದೆಂದು ಅಲ್ಲಿ ಯಾರೂ ಕೇಳಲಿಲ್ಲ. ಕನ್ನಡ ರಂಗಭೂಮಿಯ ಈ ಔದಾರ್ಯವನ್ನು ಏಕೀಕರಣದ ಇತಿಹಾಸ ಬರೆಯುವವರು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಗರುಡರ ಮಗ ಶ್ರೀಪಾದರಾಯರೂ ನಟರಾಗಿ ಹೆಸರು ಗಳಿಸಿದರು. ನಾಟಕದ ನಾಯಕನಿಗೆ ಮಾತ್ರ ಚರಿತ್ರೆ ಅಂಥ ನೆಮ್ಮದಿಯ ಮುಂದರಿಕೆಯನ್ನು ಕೊಡಲಿಲ್ಲ. ಪಟ್ಟವೇರಿದ ರಾಮದೇವರಾಯನು ಮುಂದೆ ಜಗ್ಗರಾಯನ ತಮ್ಮನಾದ ಯತಿರಾಜನ ಮಗಳನ್ನೇ ಮದುವೆಯಾಗಿ ಆ ಮನೆತನದೊಡನೆ ಸಂಧಿ ಮಾಡಿಕೊಂಡನು. ಆ ಸಂಧಿಯನ್ನೊಪ್ಪದ ಯಾಚಮನು ಹೊರಗುಳಿದನು. ಯಾವ ಕಂಪನಿಯ ಮಂಗಳಗೀತಕ್ಕೂ ಒಗ್ಗದ ಸಂಗತಿಯಿದು.